ಕಾಲಿಗೆ ಒದ್ದವನು

‘ದಿ ಕರಾಟೆ ಕಿಡ್’ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕೊನೆಯ ಆ ಒದೆ. ಒಂಟಿ ಕಾಲಲ್ಲಿ ನಿಂತು, ಎರಡೂ ಕೈಯನ್ನು ಕೊಕ್ಕರೆಯ ರೆಕ್ಕೆ ಥರ ಎತ್ತಿ, ಹಾರಿ ಮುಖಕ್ಕೆ ಕೊಡುವ ಒದೆ. 1984ರಿಂದ ಇವತ್ತಿನವರೆಗೆ ಎಷ್ಟು ಮಕ್ಕಳು ಹಾಸಿಗೆ ಮೇಲೆ ನಿಂತು ಅದನ್ನು ಮಾಡಲು ಹೋಗಿ ಕೆಳಗೆ ಬಿದ್ದಿದ್ದಾರೋ, ಲೆಕ್ಕ ಇಟ್ಟವರಿಲ್ಲ. ಮುಖಕ್ಕೆ ಒದ್ದದ್ದು ನಿಯಮದ ಪ್ರಕಾರ ಸರಿಯೋ ತಪ್ಪೋ ಅಂತ ಅಭಿಮಾನಿಗಳು ಇನ್ನೂ ಜಗಳ ಆಡ್ತಾನೇ ಇದ್ದಾರೆ. ನನಗೆ ಮಾತ್ರ ಈ ಸಿನಿಮಾ ನೋಡಿದಾಗಲೆಲ್ಲ, ಅದಕ್ಕಿಂತ ಸ್ವಲ್ಪ ಮುಂಚೆ ಬರುವ ಇನ್ನೊಂದು ಒದೆಯ ಹತ್ತಿರ ಗಾಡಿ ನಿಂತುಬಿಡುತ್ತದೆ.

ಸೆಮಿಫೈನಲ್ ಪಂದ್ಯ. ನಮ್ಮ ನಾಯಕ ಡೇನಿಯಲ್‌ಗೆ ಎದುರಾಳಿ ಬಾಬಿ. ‘ಕೋಬ್ರಾ ಕಾಯ್’ ಅನ್ನೋ ಕರಾಟೆ ಶಾಲೆಯ ಹುಡುಗ, ಚೆನ್ನಾಗಿ ಆಡುವವನು. ಅವನ ಗುರು ಜಾನ್ ಕ್ರೀಸ್ ಅವನನ್ನು ಹತ್ತಿರ ಕರೆದು, ಡೇನಿಯಲ್ ಮತ್ತೆ ಎದ್ದು ಆಡಬಾರದು, ಹಾಗೆ ಮಾಡಿ ಬಾ ಅಂತಾನೆ. ನಾನು ಇವನನ್ನು ಸೋಲಿಸಬಲ್ಲೆ ಅಂತಾನೆ ಬಾಬಿ. ಗುರುವಿಗೆ ಬೇಕಾಗಿರೋದು ಅದಲ್ಲ. ಆ ಹುಡುಗನ ಮುಖ ಒಂದು ಕ್ಷಣ ಬಿಳಚಿಕೊಳ್ಳುತ್ತೆ. ಆಮೇಲೆ ಹೋಗ್ತಾನೆ, ಹಾರಿ ಡೇನಿಯಲ್‌ನ ಮಂಡಿಗೆ ಒದೀತಾನೆ, ಪಂದ್ಯದಿಂದ ಹೊರಗೆ ಹಾಕಿಸಿಕೊಳ್ತಾನೆ. ನೆಲದ ಮೇಲೆ ಒದ್ದಾಡ್ತಿರೋ ಡೇನಿಯಲ್ ಪಕ್ಕ ಬಗ್ಗಿ ಕ್ಷಮೆ ಕೇಳ್ತಾನೆ. ಎಲ್ಲ ಸೇರಿ ಒಂದೆರಡು ನಿಮಿಷ. ಕ್ಯಾಮೆರಾ ಮುಂದಕ್ಕೆ ಹೋಗುತ್ತೆ, ನಾವೂ ಹೋಗ್ತೀವಿ, ಕೊಕ್ಕರೆ ಒದೆ ಬರಬೇಕಲ್ಲ.

ಮಕ್ಕಳಿಗೆ ಕರಾಟೆ ಕಲಿಸಿದರೆ ಗಟ್ಟಿಯಾಗ್ತಾರೆ, ವ್ಯಕ್ತಿತ್ವ ರೂಪುಗೊಳ್ಳುತ್ತೆ ಅನ್ನೋ ನಮ್ಮ ಕಾಲದ ನಂಬಿಕೆಗೆ ಈ ಸಿನಿಮಾದಷ್ಟು ಸೇವೆ ಮಾಡಿದ್ದು ಬೇರೆ ಯಾವುದೂ ಇಲ್ಲ. ಆ ನಂಬಿಕೆಗೆ ಸರಿಯಾದ ಪೆಟ್ಟು ಕೊಡೋ ದೃಶ್ಯ ಅದೇ ಸಿನಿಮಾದೊಳಗೇ ಇದೆ. ಅದು ಈ ಬಾಬಿಯ ದೃಶ್ಯ.

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ಬೆಂಗಳೂರಿನ ನಿಮ್ಮ ಲಿಫ್ಟಲ್ಲೂ ಇರುತ್ತೆ, ನೋಡಿ. ಶನಿವಾರ, ಭಾನುವಾರ ಕ್ಲಬ್‌ಹೌಸಲ್ಲಿ ಕರಾಟೆ. ಐದು ವರ್ಷದಿಂದ ಮೇಲ್ಪಟ್ಟ ಮಕ್ಕಳಿಗೆ. ಕೆಳಗೆ ಸಾಲಾಗಿ: ಶಿಸ್ತು, ಆತ್ಮವಿಶ್ವಾಸ, ಏಕಾಗ್ರತೆ, ಹಿರಿಯರಿಗೆ ಗೌರವ, ಸೋಲಿಗೆ ಹೆದರದ ಮನಸ್ಸು. ಈ ಪಟ್ಟಿ ಹಿಡ್ಕೊಂಡು ಸಿನಿಮಾ ನೋಡಿ. ಇದರಲ್ಲಿ ಹೇಳಿರೋ ಗುಣಗಳು ಯಾರಲ್ಲಿವೆ? ಡೇನಿಯಲ್ ಲರೂಸೋಗೆ ಶಿಸ್ತಿಲ್ಲ. ಬಾಯಿ ಜಾಸ್ತಿ. ಹ್ಯಾಲೋವೀನ್ ರಾತ್ರಿ ಸುಮ್ಮನಿರಲಾರದೆ ಪೈಪ್ ಹಿಡಿದು ಜಾನಿ ಮೇಲೆ ನೀರು ಬಿಟ್ಟು, ತಾನೇ ಹೊಡೆತ ಕರೆಸಿಕೊಳ್ತಾನೆ. ಗುರುವಿನ ಮೇಲೇ ಕೂಗಾಡ್ತಾನೆ. ಆದರೆ ಜಾನಿ ಲಾರೆನ್ಸ್ ಇದ್ದಾನಲ್ಲ, ಖಳನಾಯಕ, ಅವನನ್ನು ನೋಡಿ. ಸಾಲಲ್ಲಿ ನೆಟ್ಟಗೆ ನಿಲ್ತಾನೆ. ಗುರು ಕೇಳಿದ್ದಕ್ಕೆ ಒಂದೇ ಉಸಿರಲ್ಲಿ ಉತ್ತರ. ಆತ್ಮವಿಶ್ವಾಸ ಬೇಕಾದಷ್ಟು. ನೋವಿಗೆ ಹೆದರಲ್ಲ. ಲಿಫ್ಟಿನ ಚೀಟಿಯ ಪ್ರಕಾರ ಈ ಸಿನಿಮಾದ ಅತ್ಯುತ್ತಮ ವಿದ್ಯಾರ್ಥಿ ಅವನೇ. ಬಾಬಿಯೂ ಅಂಥವನೇ. ಅವನಿಗೆ ಶಿಸ್ತು ಎಷ್ಟಿತ್ತು ಅಂದರೆ, ತಪ್ಪು ಅಂತ ಗೊತ್ತಿದ್ದೂ ಒದ್ದ.

ಹಾಗಂತ ಸಿನಿಮಾ ಕೆಟ್ಟದ್ದು ಅಂತಲ್ಲ. ಅದು ನಮಗೆ ನೆನಪಿರೋದಕ್ಕಿಂತ ಒಳ್ಳೆಯ ಸಿನಿಮಾ. ನಿರ್ದೇಶಕ ಜಾನ್ ಜಿ. ಅವಿಲ್ಡ್‌ಸನ್, 1976ರ ‘ರಾಕಿ’ಗೆ ಆಸ್ಕರ್ ಪಡೆದವನು. ಸೋತವನ ಕಥೆ ಹೇಳೋದು ಅವನಿಗೆ ಸಿದ್ಧಿಸಿತ್ತು. ಚಿತ್ರಕಥೆ ಬರೆದ ರಾಬರ್ಟ್ ಮಾರ್ಕ್ ಕೇಮನ್ ಹುಡುಗನಾಗಿದ್ದಾಗ ನ್ಯೂಯಾರ್ಕ್‌ನಲ್ಲಿ ಪುಂಡರ ಕೈಲಿ ಪೆಟ್ಟು ತಿಂದವನು. ಸೇಡಿಗಾಗಿ ಕಲಿಯಲು ಹೋದಾಗ ಮೊದಲು ಸಿಕ್ಕ ಗುರು ಹೊಡೆದಾಟವನ್ನೇ ಕಲಿಸುವವನು. ಅದು ಸಾಕಾಗಿ ಒಕಿನಾವಾದ ಗೋಜು-ರ್ಯು ಪದ್ಧತಿಗೆ ಬಂದ. ಸಿನಿಮಾದ ಮುದುಕ ಮಿಯಾಗಿಯ ಹೆಸರು ಬಂದದ್ದೂ ಆ ಪದ್ಧತಿಯನ್ನು ಸ್ಥಾಪಿಸಿದ ಚೋಜುನ್ ಮಿಯಾಗಿಯಿಂದ. ಅಂದರೆ ಈ ಎರಡು ಶಾಲೆಗಳ ಜಗಳ ಕಟ್ಟುಕಥೆಯಲ್ಲ; ಬರೆದವನು ಎರಡರಲ್ಲೂ ಕೂತು ಎದ್ದು ಬಂದಿದ್ದ.

ಈಗ ಮಿಯಾಗಿ ನಿಜವಾಗಿ ಏನು ಮಾಡ್ತಾನೆ ನೋಡೋಣ. ಎಲ್ಲರೂ ಹೇಳೋದು ಕಾರಿಗೆ ಮೇಣ ಹಚ್ಚಿಸಿದ್ದು, ಬೇಲಿಗೆ ಬಣ್ಣ ಬಳಿಸಿದ್ದು. ಅದಕ್ಕೆ ಬರ್ತೀನಿ. ಆದರೆ ಅದಕ್ಕೂ ಮೊದಲು ಅವನು ಮಾಡೋ ಕೆಲಸ ಒಂದಿದೆ, ಅದನ್ನು ಯಾರೂ ನೆನಪಿಟ್ಟುಕೊಳ್ಳಲ್ಲ. ಐದು ಜನ ಸೇರಿ ಡೇನಿಯಲ್‌ನನ್ನು ಬೇಲಿಗೆ ಒತ್ತಿ ಹೊಡೀತಿರುವಾಗ ಮಧ್ಯೆ ಬಂದು ಬಿಡಿಸ್ತಾನೆ. ಮಾರನೆ ದಿನಗಳಲ್ಲಿ ಹುಡುಗನ ಜೊತೆ ತಾನೇ ಆ ಶಾಲೆಗೆ ಹೋಗಿ, ಕ್ರೀಸ್ ಎದುರು ನಿಂತು ಮಾತಾಡ್ತಾನೆ. ಪಂದ್ಯಾವಳಿಯಲ್ಲಿ ನೋಡಿಕೊಳ್ಳೋಣ, ಅಲ್ಲಿವರೆಗೆ ಇವನ ತಂಟೆಗೆ ಯಾರೂ ಬರಕೂಡದು. ಇಷ್ಟೇ ಒಪ್ಪಂದ. ಆ ಕ್ಷಣದಿಂದ ಹೊಡೆತ ನಿಲ್ಲುತ್ತೆ. ಡೇನಿಯಲ್ ಆಗ ಮಿಯಾಗಿಯಿಂದ ಒಂದು ಪಟ್ಟನ್ನೂ ಕಲಿತಿರಲ್ಲ! ಅವನನ್ನು ಕಾಪಾಡಿದ್ದು ಕರಾಟೆಯಲ್ಲ, ಒಬ್ಬ ದೊಡ್ಡವನು ಇನ್ನೊಬ್ಬ ದೊಡ್ಡವನ ಹತ್ತಿರ ಹೋಗಿ ಸಾಕು ನಿಲ್ಲಿಸು ಅಂದಿದ್ದು. ಆಮೇಲಿನ ವಾರಗಳಲ್ಲಿ ಅವನು ಗಟ್ಟಿಯಾಗ್ತಾನೆ ಅಂದರೆ, ಹೆದರಿಕೆ ಇಲ್ಲದೆ ಶಾಲೆಗೆ ಹೋಗಿ ಬರುವ ವಾರಗಳು ಅವು. ಸಂಜೆಯಾದರೆ ಒಬ್ಬ ಹಿರಿಯ ಜೀವ ತನಗಾಗಿ ಕಾಯುತ್ತಿರುತ್ತೆ ಅನ್ನೋ ವಾರಗಳು. ಅಪ್ಪನಿಲ್ಲದ, ಊರು ಬಿಟ್ಟು ಬಂದ, ಅಮ್ಮ ಕೆಲಸದ ಪಾಳಿಯಲ್ಲಿ ಸಿಕ್ಕಿಹಾಕಿಕೊಂಡಿರೋ ಹುಡುಗನಿಗೆ ಅದು ಸಣ್ಣ ವಿಷಯವಲ್ಲ.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಹೋದ ವರ್ಷ ನನ್ನ ಅಕ್ಕ ಫೋನ್ ಮಾಡಿದ್ಲು. ಅವಳ ಮಗನಿಗೆ ಒಂಬತ್ತು ವರ್ಷ. ಸ್ಕೂಲ್ ವ್ಯಾನಲ್ಲಿ ದೊಡ್ಡ ಹುಡುಗರಿಬ್ಬರು ಅವನ ಊಟದ ಡಬ್ಬಿ ಕಿತ್ಕೊಳ್ಳೋದು, ಕಿವಿ ಹಿಂಡೋದು, ಹೇಳಿದರೆ ನೋಡು ಅಂತ ಹೆದರಿಸೋದು. ತಿಂಗಳಿಂದ ನಡೀತಿತ್ತಂತೆ. ಅವನು ಬೆಳಿಗ್ಗೆ ಹೊಟ್ಟೆನೋವು ಅಂತ ಮಲಗೋಕೆ ಶುರು ಮಾಡಿದ ಮೇಲೆ ಗೊತ್ತಾಗಿದ್ದು. “ಲೋ, ಆ ಕರಾಟೆ ಪಿಕ್ಚರ್ ಅವನಿಗೆ ತೋರಿಸ್ಲಾ? ಕ್ಲಾಸಿಗೂ ಸೇರಿಸ್ತೀನಿ. ಸ್ವಲ್ಪ ಗಟ್ಟಿ ಆಗ್ಲಿ” ಅಂದ್ಲು. ಸ್ಕೂಲಲ್ಲಿ ಹೇಳಿದ್ಯಾ ಅಂತ ಕೇಳಿದೆ. ಹೇಳಿದ್ದಳು. “ಮಕ್ಕಳು ಅಂದ್ಮೇಲೆ ಇದೆಲ್ಲ ಇದ್ದದ್ದೇ ಮೇಡಂ, ಅವನನ್ನ ಸ್ವಲ್ಪ ಬೋಲ್ಡ್ ಮಾಡಿ” ಅಂದರಂತೆ.

ನೋಡಿ, ಇಲ್ಲಿ ಏನಾಯ್ತು. ಹೊಡೆಯೋ ಇಬ್ಬರನ್ನು ತಡೆಯಬೇಕಾದ ದೊಡ್ಡವರು, ಆ ಕೆಲಸವನ್ನು ಒಂಬತ್ತು ವರ್ಷದ ಹುಡುಗನ ತಲೆಗೆ ಕಟ್ಟಿದರು. ಅವನು ಗಟ್ಟಿ ಆದರೆ ಸಮಸ್ಯೆ ಇರಲ್ಲ. ಅಂದರೆ ಸಮಸ್ಯೆ ಇರೋದು ಅವನು ಮೆತ್ತಗಿರೋದರಲ್ಲಿ. ಮಕ್ಕಳ ಮನೋಸ್ಥೈರ್ಯದ ಬಗ್ಗೆ ನಾವಾಡೋ ಮಾತಿನಲ್ಲಿ ಅರ್ಧ ಇದೇ ಜಾರಿಕೊಳ್ಳುವಿಕೆ ಅಂತ ನನಗೆ ಅನುಮಾನ. ‘ರೆಸಿಲಿಯನ್ಸ್’ ಅನ್ನೋದಕ್ಕೆ ಪತ್ರಿಕೆಯವರು ಏನೇನೋ ಕನ್ನಡ ಪದ ಟಂಕಿಸಿದ್ದಾರೆ, ‘ಪುಟಿದೇಳುವಿಕೆ’ ಅಂತ ಕೂಡ. ಚೆಂಡು ನೆನಪಾಗುತ್ತೆ. ಚೆಂಡು ಪುಟಿಯುತ್ತೆ ನಿಜ, ಆದರೆ ಯಾರೋ ಅದನ್ನು ನೆಲಕ್ಕೆ ಎತ್ತಿ ಹಾಕಿದಾಗ. ನಮ್ಮಜ್ಜಿ ‘ತಡ್ಕೋಬೇಕು ಮಗಾ’ ಅಂತಿದ್ದಳು, ಆದರೆ ಹೇಳುವಾಗ ಬೆನ್ನ ಮೇಲೆ ಕೈ ಇಟ್ಟಿರ್ತಿದ್ದಳು.

ಅಕ್ಕನಿಗೆ ಎರಡೂ ಮಾಡು ಅಂದೆ. ಕ್ಲಾಸಿಗೆ ಸೇರಿಸು, ಆದರೆ ಮೊದಲು ಭಾವನ ಜೊತೆ ಹೋಗಿ ಪ್ರಿನ್ಸಿಪಾಲ್ ಎದುರು ಕೂತ್ಕೋ, ಲಿಖಿತವಾಗಿ ಕೊಡು. ಕೊನೆಗೆ ವ್ಯಾನ್ ಡ್ರೈವರ್ ಅವನನ್ನು ಮುಂದಿನ ಸೀಟಲ್ಲಿ ತನ್ನ ಪಕ್ಕ ಕೂರಿಸಿಕೊಂಡ. ಹೊಟ್ಟೆನೋವು ನಿಂತಿತು. ಕರಾಟೆಯೂ ನಡೀತಿದೆ. ಅವನಿಗೆ ಅದರಲ್ಲಿ ಅತ್ಯಂತ ಇಷ್ಟವಾಗಿರೋದು ಜೋರಾಗಿ ಕಿರುಚೋಕೆ ಬಿಡ್ತಾರೆ ಅನ್ನೋದು.

ಇರಲಿ, ಸಿನಿಮಾಗೆ ವಾಪಸ್. ಮೇಣ ಹಚ್ಚೋ ಪಾಠ. ಒಂದು ಕೈಯಲ್ಲಿ ಸುತ್ತಿ ಹಚ್ಚು, ಇನ್ನೊಂದು ಕೈಯಲ್ಲಿ ಸುತ್ತಿ ಒರೆಸು. ಆಮೇಲೆ ಅಂಗಳದ ಮರದ ನೆಲ ಉಜ್ಜು, ಬೇಲಿಗೆ ಬಣ್ಣ ಬಳಿ, ಮನೆಗೆ ಬಣ್ಣ ಬಳಿ. ನಾಲ್ಕು ದಿನ ಆಳಿನ ಹಾಗೆ ದುಡಿದ ಹುಡುಗನಿಗೆ ಕೊನೆಗೆ ಗೊತ್ತಾಗುತ್ತೆ, ತನಗೇ ಅರಿವಿಲ್ಲದೆ ತಡೆಯೋ ಪಟ್ಟುಗಳು ಕೈಗೆ ಬಂದಿವೆ ಅಂತ. ಸಿನಿಮಾ ಆಗಿ ಇದು ಅದ್ಭುತ ದೃಶ್ಯ. ಪಾಠಕ್ರಮ ಆಗಿ ಅಷ್ಟಕ್ಕಷ್ಟೆ. ಬಣ್ಣ ಬಳಿದವರೆಲ್ಲ ಹೊಡೆತ ತಡೆಯೋ ಹಾಗಿದ್ದರೆ ನಮ್ಮ ಪೇಂಟರುಗಳ ತಂಟೆಗೆ ಯಾರೂ ಹೋಗ್ತಿರಲಿಲ್ಲ. ಆದರೆ ಈ ದೃಶ್ಯದಿಂದ ಎಲ್ಲ ಮೋಟಿವೇಷನಲ್ ಭಾಷಣಕಾರರೂ ಎತ್ತಿಕೊಂಡ ನೀತಿ ಬೇರೆ: ಪ್ರಶ್ನೆ ಕೇಳದೆ ಹೇಳಿದ್ದು ಮಾಡು, ಅರ್ಥ ಆಮೇಲೆ ತಿಳಿಯುತ್ತೆ. ಕಂಪನಿಗೆ ಹೊಸದಾಗಿ ಸೇರಿದ ಹುಡುಗರಿಗೂ ಇದನ್ನೇ ಹೇಳ್ತಾರೆ, ಎಕ್ಸೆಲ್ ಶೀಟ್ ತುಂಬಿಸುವಾಗ.

ದೃಶ್ಯವನ್ನು ಇನ್ನೊಮ್ಮೆ ನೋಡಿ. ಅರ್ಥ ತಾನಾಗಿ ತಿಳಿಯಲ್ಲ. ನಾಲ್ಕನೇ ದಿನ ಮಿಯಾಗಿ ಹೇಳದೆ ಕೇಳದೆ ಮೀನು ಹಿಡಿಯೋಕೆ ಹೋಗಿರ್ತಾನೆ. ರಾತ್ರಿ ವಾಪಸ್ ಬಂದಾಗ ಡೇನಿಯಲ್ ಸಿಡಿದು ಬೀಳ್ತಾನೆ, ನಾನೇನು ನಿನ್ನ ಜೀತದವನಾ ಅನ್ನೋ ಧಾಟಿಯಲ್ಲಿ ಕೂಗಾಡಿ ಹೊರಟೇ ಹೋಗ್ತಾನೆ. ಮಿಯಾಗಿ ಅವನನ್ನು ವಾಪಸ್ ಕರೆದು ತೋರಿಸೋದು ಆಗ. ಹುಡುಗ ಸಿಟ್ಟಾದ್ದರಿಂದ ಪಾಠ ಸಿಕ್ಕಿತು. ಗುರುವಿನ ಮುಖಕ್ಕೆ ಇದು ಸರಿಯಿಲ್ಲ ಅಂತ ಹೇಳಿಯೂ ಶಿಷ್ಯನಾಗಿ ಉಳಿಯೋಕೆ ಆ ಅಂಗಳದಲ್ಲಿ ಜಾಗ ಇದೆ. ಅತ್ತ ಗೋಡೆ ಮೇಲೆ ಮೊದಲು ಹೊಡಿ, ಜೋರಾಗಿ ಹೊಡಿ, ಕರುಣೆ ಬೇಡ ಅಂತ ಬರೆದಿರೋ ಕೋಬ್ರಾ ಕಾಯ್ ಶಾಲೆಯಲ್ಲಿ ಬಾಬಿಗೆ ಅಂಥ ಜಾಗ ಇರಲಿಲ್ಲ. ಎರಡು ಶಾಲೆಗಳ ನಡುವಿನ ವ್ಯತ್ಯಾಸ ಗೋಡೆಬರಹದ್ದಲ್ಲ ಅಂತ ನನ್ನ ವಾದ. ಒಂದು ಕಡೆ ಮಗು ಇಲ್ಲ ಅನ್ನಬಹುದು, ಇನ್ನೊಂದು ಕಡೆ ಅನ್ನೋ ಹಾಗಿಲ್ಲ.

ಈ ಸಿನಿಮಾ ಕಿಶೋರರ ಹೊಡೆದಾಟದ ಚಿತ್ರವಾಗಿ ಮುಗಿದುಹೋಗದೆ ಉಳಿದದ್ದಕ್ಕೆ ಕಾರಣವಾದ ದೃಶ್ಯ ಇನ್ನೊಂದು. ಒಂದು ರಾತ್ರಿ ಡೇನಿಯಲ್ ಬಂದಾಗ ಮಿಯಾಗಿ ಹಳೇ ಸೈನಿಕ ಸಮವಸ್ತ್ರ ಹಾಕಿಕೊಂಡು ಕುಡಿದು ಕೂತಿರ್ತಾನೆ. ಅವನ ಮದುವೆಯ ದಿನದ ನೆನಪು. ಎರಡನೇ ಮಹಾಯುದ್ಧದಲ್ಲಿ ಅವನು ಅಮೆರಿಕದ ಪರವಾಗಿ, ಜಪಾನಿ ಮೂಲದವರೇ ತುಂಬಿದ್ದ 442ನೇ ರೆಜಿಮೆಂಟಿನಲ್ಲಿ ಕಾದಾಡುತ್ತಿರುವಾಗ, ಅದೇ ಅಮೆರಿಕ ಅವನ ಬಸುರಿ ಹೆಂಡತಿಯನ್ನು ಮಾಂಜನಾರ್ ಬಂಧನ ಶಿಬಿರದಲ್ಲಿಟ್ಟಿತ್ತು. ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಹೋದರು. ಹುಡುಗ ಟೆಲಿಗ್ರಾಂ ಓದಿ ತಿಳ್ಕೊಳ್ತಾನೆ, ಮುದುಕನಿಗೆ ಹೊದಿಸಿ, ಬಗ್ಗಿ ನಮಸ್ಕಾರ ಮಾಡಿ ಹೊರಗೆ ಬರ್ತಾನೆ. ಕಥೆ ನಿಧಾನವಾಗುತ್ತೆ ಅಂತ ಸ್ಟುಡಿಯೋದವರು ಈ ದೃಶ್ಯ ತೆಗೆಸಬೇಕು ಅಂದಿದ್ದರು, ಅವಿಲ್ಡ್‌ಸನ್ ಬಿಡಲಿಲ್ಲ. ಪ್ಯಾಟ್ ಮೊರಿಟಾಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದರಲ್ಲಿ ಇದರ ಪಾಲು ದೊಡ್ಡದು. ಹಾಸ್ಯನಟ ಅಂತ ನಿರ್ಮಾಪಕರು ಮೊದಲು ಬೇಡ ಅಂದಿದ್ದ ಮನುಷ್ಯ ಅವನು. ಅವನ ಬಾಲ್ಯದ ಬಹುಪಾಲು ಬೆನ್ನುಮೂಳೆಯ ಕ್ಷಯದಿಂದ ಆಸ್ಪತ್ರೆಯಲ್ಲೇ ಕಳೆದಿತ್ತು. ಕೊನೆಗೆ ನಡೆಯುವಂತಾಗಿ ಹೊರಬಂದಾಗ ಅವನನ್ನು ಕರೆದೊಯ್ದದ್ದು ಮನೆಗಲ್ಲ, ಅರಿಝೋನಾದ ಗೀಲಾ ರಿವರ್ ಬಂಧನ ಶಿಬಿರಕ್ಕೆ, ಮನೆಯವರೆಲ್ಲ ಅಲ್ಲಿದ್ದರು.

ಗಟ್ಟಿತನದ ಬಗ್ಗೆ ಏನಾದರೂ ಹೇಳೋ ದೃಶ್ಯ ಈ ಸಿನಿಮಾದಲ್ಲಿದ್ದರೆ ಅದು ಇದು. ಇಷ್ಟೆಲ್ಲ ವಿದ್ಯೆ ಗೊತ್ತಿರೋ ಮನುಷ್ಯನೂ ವರ್ಷಕ್ಕೊಂದು ರಾತ್ರಿ ಕುಸಿದು ಕೂರ್ತಾನೆ, ಅದನ್ನು ಶಿಷ್ಯ ನೋಡ್ತಾನೆ. ಕ್ಲಬ್‌ಹೌಸಿನ ಚೀಟಿಯಲ್ಲಿ ಇದಕ್ಕೊಂದು ಸಾಲು ಹೇಗೆ ಬರೀತಾರೋ ಗೊತ್ತಿಲ್ಲ.

ಇನ್ನು, ಸಿನಿಮಾ ಜಾರಿಕೊಳ್ಳೋ ಜಾಗ. ಕರಾಟೆ ಇರೋದು ಹೊಡೆದಾಡೋಕಲ್ಲ ಅಂತ ಒಂದೂವರೆ ಗಂಟೆ ಹೇಳಿ, ಕೊನೆಗೆ ಎಲ್ಲವನ್ನೂ ಒಂದು ಒದೆಗೆ, ಒಂದು ಟ್ರೋಫಿಗೆ ಒಪ್ಪಿಸಿಬಿಡುತ್ತೆ. ಡೇನಿಯಲ್ ಸೋತಿದ್ದರೂ ಅವನು ಕಲಿತಿದ್ದು ಅಷ್ಟೇ ಇರ್ತಿತ್ತು ಅಂತ ನಮಗೂ ಗೊತ್ತು, ಅವಿಲ್ಡ್‌ಸನ್‌ಗೂ ಗೊತ್ತು. ‘ರಾಕಿ’ಯಲ್ಲಿ ನಾಯಕ ಸೋತೇ ಗೆಲ್ಲುತ್ತಾನೆ. ಇಲ್ಲಿ ಆ ಧೈರ್ಯ ಮಾಡಲಿಲ್ಲ. ಮಕ್ಕಳ ಸಿನಿಮಾ ಅಂತಲೋ ಏನೋ. 2010ರಲ್ಲಿ ಜಾಕಿ ಚಾನ್, ಜೇಡನ್ ಸ್ಮಿತ್ ಹಾಕಿಕೊಂಡು ಬೀಜಿಂಗಿಗೆ ಹೋಗಿ ಮಾಡಿದ ಚಿತ್ರದಲ್ಲೂ ಅದೇ. ಅದರಲ್ಲಿ ಕಲಿಸೋದು ಕುಂಗ್‌ಫು, ಹೆಸರು ಮಾತ್ರ ಕರಾಟೆ, ಬ್ರ್ಯಾಂಡ್ ಬಿಡೋಕಾಗುತ್ತಾ? ನಮ್ಮಲ್ಲೂ ಆ ಪದ ಹೀಗೆಯೇ ಓಡಾಡಿದೆ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಏನು ಹೊಡೆದಾಡಿದರೂ ಅದು ಕರಾಟೆಯೇ, ಅವರು ‘ಕರಾಟೆ ಕಿಂಗ್’. ಅದರಲ್ಲಿ ತಪ್ಪೇನಿಲ್ಲ, ಯಾರೂ ಅದನ್ನು ವ್ಯಕ್ತಿತ್ವ ವಿಕಸನ ಅಂತ ಮಾರ್ತಿರಲಿಲ್ಲ. ಗರಡಿಮನೆಗೆ ಮಕ್ಕಳನ್ನು ಕಳಿಸಿದವರೂ ಮೈ ಬರಲಿ ಅಂತ ಕಳಿಸಿದರು, ಜೊತೆಗೆ ಉಸ್ತಾದರು ಎಂಥವರು ಅಂತ ಊರಿಗೆಲ್ಲ ಗೊತ್ತಿರ್ತಿತ್ತು.

ಜಾರಿಕೊಂಡಿರೋದು ಇನ್ನೊಂದು ಕಡೆಯೂ ಇದೆ, ಇದು ದೊಡ್ಡದು. ಸಿನಿಮಾ ಪ್ರಕಾರ ಎಲ್ಲ ಕೆಡುಕಿನ ಮೂಲ ಕ್ರೀಸ್ ಎಂಬ ಒಬ್ಬ ವ್ಯಕ್ತಿ. ವಿಯೆಟ್ನಾಂನಿಂದ ಬಂದ ಕೆಟ್ಟ ಸೈನಿಕ, ಶುದ್ಧವಾದ ಪೂರ್ವದ ವಿದ್ಯೆಯನ್ನು ಕೆಡಿಸಿದವನು. ಆದರೆ ಚರಿತ್ರೆ ಇಷ್ಟು ಅನುಕೂಲಕರವಾಗಿಲ್ಲ. ಕರಾಟೆಯನ್ನು ಮಕ್ಕಳಿಗೆ, ಶಾಲೆಯಲ್ಲಿ, ಸಾಲಾಗಿ ನಿಲ್ಲಿಸಿ ಕಲಿಸೋ ಪದ್ಧತಿ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಒಕಿನಾವಾದ ಅಂಕೋ ಇತೊಸು ಎಂಬ ಗುರುವಿನಿಂದ. ಶಾಲಾ ಮಕ್ಕಳಿಗಾಗಿಯೇ ಅವರು ಸುಲಭ ಮಾಡಿ ಕಟ್ಟಿದ ‘ಪಿನಾನ್’ ಕಟಾಗಳನ್ನು ಅವರ ಶಿಷ್ಯ ಫುನಾಕೋಶಿ ‘ಹೇಯಾನ್’ ಅಂತ ಹೆಸರು ಬದಲಿಸಿದರು. ನಿಮ್ಮ ಮಗಳು ಕ್ಲಾಸಿಂದ ಬಂದು ‘ಹೇಯಾನ್ ಶೋದಾನ್’ ತೋರಿಸ್ತಾಳಲ್ಲ, ಅದು ಅಲ್ಲಿಂದ ಬಂದದ್ದು. ಅದೇ ಇತೊಸು 1908ರಲ್ಲಿ ಶಿಕ್ಷಣಾಧಿಕಾರಿಗಳಿಗೆ ಬರೆದ ಪತ್ರದಲ್ಲಿ ಈ ವಿದ್ಯೆ ದೇಹಕ್ಕೆ ಒಳ್ಳೇದು, ಜಗಳಕ್ಕೆ ಬಳಸಬಾರದು ಅಂತ ಹೇಳ್ತಾರೆ. ಜೊತೆಗೇ, ಚಿಕ್ಕಂದಿನಿಂದ ಕಲಿಸಿದರೆ ಮುಂದೆ ಸೈನ್ಯಕ್ಕೆ ಉಪಯೋಗ ಅಂತಲೂ ಹೇಳ್ತಾರೆ. ಮಿಯಾಗಿ, ಕ್ರೀಸ್ ಇಬ್ಬರೂ ಒಂದೇ ಪತ್ರದಲ್ಲಿ ಇದ್ದಾರೆ. ಸಾಲಲ್ಲಿ ನಿಂತು, ಎಣಿಕೆಗೆ ತಕ್ಕಂತೆ ಗುದ್ದಿ, ಒಕ್ಕೊರಲಲ್ಲಿ ಕೂಗೋದು ನೂರಾರು ವರ್ಷದ ಆಧ್ಯಾತ್ಮವಲ್ಲ. ಅದರಲ್ಲಿ ಶಾಲೆಯ ಡ್ರಿಲ್ಲಿನ ಪಾಲೇ ಹೆಚ್ಚು.

ಆ ಡ್ರಿಲ್ಲಿನ ಕರಾಳ ತುದಿ ನೋಡಬೇಕಾದರೆ ಕರಾಟೆ ಬಿಟ್ಟು ಜೂಡೋಗೆ ಬರಬೇಕು. ಜಪಾನಿನ ಶಾಲೆಗಳಲ್ಲಿ 1983ರಿಂದ ಸುಮಾರು ಮೂರು ದಶಕಗಳಲ್ಲಿ ಜೂಡೋ ಕಲಿಯುತ್ತ ಸತ್ತ ಮಕ್ಕಳ ಸಂಖ್ಯೆ ನೂರನ್ನು ದಾಟಿತ್ತು. ನಗೋಯಾ ವಿಶ್ವವಿದ್ಯಾಲಯದ ರ್ಯೋ ಉಚಿದಾ ದಾಖಲೆ ಒಟ್ಟು ಮಾಡಿ ಹೊರಗಿಡುವವರೆಗೆ ಅದನ್ನು ಬಿಡಿ ಬಿಡಿ ಅಪಘಾತಗಳ ಹಾಗೆ ನೋಡಲಾಗ್ತಿತ್ತು. ಬಹಳ ಸಾವು ತಲೆಗೆ ಬಿದ್ದ ಪೆಟ್ಟಿನಿಂದ. ಸುಸ್ತಾಯಿತು, ತಲೆ ನೋಯುತ್ತೆ ಅಂದರೆ ಅದು ಮನಸ್ಸಿನ ದೌರ್ಬಲ್ಯ, ಎದ್ದೇಳು ಅನ್ನುವ ವಾತಾವರಣದ ಬಗ್ಗೆ ಮಕ್ಕಳನ್ನು ಕಳೆದುಕೊಂಡ ಹೆತ್ತವರು ಸಂಘ ಕಟ್ಟಿಕೊಂಡು ಹೋರಾಡಿದರು. 2012ರಲ್ಲಿ ಅಲ್ಲಿನ ಸರ್ಕಾರ ಜೂನಿಯರ್ ಹೈಸ್ಕೂಲು ಮಟ್ಟದ ಮಕ್ಕಳಿಗೆ ಸಮರಕಲೆಯನ್ನು ಕಡ್ಡಾಯ ಮಾಡಿದಾಗ ಈ ಸಾವುಗಳ ಚರ್ಚೆ ಜೋರಾಗಿದ್ದೂ ಅದಕ್ಕೇ. ಈ ಮಕ್ಕಳಲ್ಲಿ ಎಷ್ಟೋ ಜನರಿಗೆ ಸಹನಶಕ್ತಿಯ ಕೊರತೆ ಇರಲಿಲ್ಲ. ತಲೆ ತಿರುಗ್ತಿದೆ, ಇನ್ನಾಗಲ್ಲ ಅನ್ನೋ ಮಾತಿಗೆ ಬೆಲೆ ಇರಲಿಲ್ಲ.

ಸಂಶೋಧನೆಗಳು ಏನು ಹೇಳ್ತವೆ ಅಂತ ಕೇಳೋರಿಗಾಗಿ ಬೇಗ ಹೇಳಿ ಮುಗಿಸ್ತೀನಿ. 1986ರಲ್ಲಿ ಮೈಕಲ್ ಟ್ರಲ್ಸನ್ ಎಂಬಾತ ಪುಂಡಾಟದ 34 ಹುಡುಗರನ್ನು ಮೂರು ಗುಂಪು ಮಾಡಿ ಆರು ತಿಂಗಳು ನೋಡಿದ. ಧ್ಯಾನ, ತತ್ವ, ಗೌರವ ಎಲ್ಲ ಸೇರಿದ ಸಾಂಪ್ರದಾಯಿಕ ಟೇಕ್ವಾಂಡೋ ಕಲಿತವರ ಆಕ್ರಮಣಶೀಲತೆ ಇಳಿಯಿತು. ಬರೀ ಹೊಡೆದಾಟದ ಪಟ್ಟು ಕಲಿತವರದ್ದು ಏರಿತು. 2004ರಲ್ಲಿ ಲೇಕ್ಸ್ ಮತ್ತು ಹಾಯ್ಟ್ ಅಮೆರಿಕದ ಒಂದು ಶಾಲೆಯ ಇನ್ನೂರು ಚಿಲ್ಲರೆ ಮಕ್ಕಳಲ್ಲಿ ಟೇಕ್ವಾಂಡೋ ಮತ್ತು ಮಾಮೂಲಿ ಪಿ.ಟಿ. ಹೋಲಿಸಿದಾಗ, ಟೇಕ್ವಾಂಡೋ ಮಕ್ಕಳಲ್ಲಿ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳುವ ಶಕ್ತಿ ಹೆಚ್ಚಿತು. ಆದರೆ ಮಾರನೇ ವರ್ಷವೇ ನಾರ್ವೆಯಿಂದ ಎಂಡ್ರೆಸನ್, ಓಲ್ವೇಯಸ್ ಅಧ್ಯಯನ ಬಂತು. ಬುಲ್ಲಿಯಿಂಗ್ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಓಲ್ವೇಯಸ್ ಇವರೇ. 477 ಹುಡುಗರನ್ನು ಎರಡು ವರ್ಷ ಹಿಂಬಾಲಿಸಿ ನೋಡಿದರೆ ಬಾಕ್ಸಿಂಗ್, ಕುಸ್ತಿ, ವೇಟ್‌ಲಿಫ್ಟಿಂಗ್, ಸಮರಕಲೆಗೆ ಸೇರಿದವರಲ್ಲಿ ಪುಂಡಾಟ ಜಾಸ್ತಿಯಾಗಿತ್ತು. ಹೊಡೆಯೋ ಅಭ್ಯಾಸ, ಜೊತೆಗೆ ಗಂಡಸುತನದ ಹುಮ್ಮಸ್ಸಿನ ವಾತಾವರಣ ಕಾರಣ ಇರಬಹುದು ಅಂದರು. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ, ‘ಕರಾಟೆ ಮಕ್ಕಳಿಗೆ ಒಳ್ಳೇದಾ?’ ಅನ್ನೋ ಪ್ರಶ್ನೆಯೇ ‘ಟ್ಯೂಷನ್ ಒಳ್ಳೇದಾ?’ ಅನ್ನೋಷ್ಟು ಪೊಳ್ಳು. ಯಾರ ಹತ್ತಿರ, ಹೇಗೆ ಅಂತ ಹೇಳದೆ ಉತ್ತರ ಇಲ್ಲ.

ಈ ಸಿನಿಮಾದ ಅತ್ಯುತ್ತಮ ವಿಮರ್ಶೆ ಬರೆದದ್ದು ವಿಮರ್ಶಕರಲ್ಲ, 2018ರಲ್ಲಿ ಶುರುವಾದ ‘ಕೋಬ್ರಾ ಕಾಯ್’ ಧಾರಾವಾಹಿ. ಮೊದಲು ಯೂಟ್ಯೂಬಿನವರು ಮಾಡಿದ್ದು, ಆಮೇಲೆ ನೆಟ್‌ಫ್ಲಿಕ್ಸ್‌ಗೆ ಬಂತು, ಆರು ಸೀಸನ್ ಎಳೆದರು. ಕೊನೆಕೊನೆಗೆ ಯಾರು ಯಾರ ಗುರು, ಯಾರು ಯಾವ ಡೋಜೋ ಅಂತ ನೋಟ್ಸ್ ಇಟ್ಕೊಂಡು ನೋಡಬೇಕಾದ ಪರಿಸ್ಥಿತಿ. ಆದರೆ ಮೊದಲ ಎರಡು ಸೀಸನ್ ನೋಡಿಲ್ಲದಿದ್ದರೆ ನೋಡಿ. ಹಳೇ ಖಳ ಜಾನಿ ಈಗ ಐವತ್ತರ ಹೊಸ್ತಿಲಲ್ಲಿ, ಕುಡುಕ, ಸೋತವನು. ಪಕ್ಕದ ಮನೆಯ ಮಿಗೆಲ್ ಎಂಬ ಹುಡುಗ ಪೆಟ್ಟು ತಿನ್ನೋದನ್ನು ನೋಡಿ ಅವನಿಗೆ ಕಲಿಸೋಕೆ ಶುರು ಮಾಡ್ತಾನೆ. ತಮಾಷೆ ಅಂದರೆ ಅದು ಕೆಲಸ ಮಾಡುತ್ತೆ. ಮಿಗೆಲ್ ತಲೆ ಎತ್ತಿ ನಡೀತಾನೆ. ತುಟಿಯ ಮೇಲಿನ ಗಾಯದ ಗುರುತಿಗೆ ಎಲ್ಲರಿಂದ ಗೇಲಿಗೊಳಗಾದ ಈಲೈ ತಲೆಗೂದಲನ್ನು ಜುಟ್ಟಾಗಿ ನಿಲ್ಲಿಸಿಕೊಂಡು ‘ಹಾಕ್’ ಅಂತ ಹೊಸ ಹೆಸರಿಟ್ಟುಕೊಂಡು ಬರ್ತಾನೆ. ನಾವೂ ಚಪ್ಪಾಳೆ ತಟ್ತೀವಿ. ಹಾಗೇ ನೋಡ್ತಾ ನೋಡ್ತಾ ಈ ಪೆಟ್ಟು ತಿಂದ ಮಕ್ಕಳೇ ಪೆಟ್ಟು ಕೊಡೋರಾಗ್ತಾರೆ. ಹಾಕ್ ಕೊನೆಗೆ ತನ್ನ ಆಪ್ತ ಗೆಳೆಯನ ಕೈ ಮುರೀತಾನೆ. ಆತ್ಮವಿಶ್ವಾಸ ಬಂತು, ಹೆದರಿಕೆ ಹೋಯ್ತು, ಲಿಫ್ಟಿನ ಚೀಟಿಯ ಮಾತೆಲ್ಲ ನಿಜವಾಯ್ತು.

ಮೊದಲ ಸೀಸನ್ ಕೊನೆಯ ಪಂದ್ಯದಲ್ಲಿ ಎದುರಾಳಿ ರಾಬಿಯ ಭುಜಕ್ಕೆ ಮೊದಲೇ ಪೆಟ್ಟಾಗಿದೆ. ಮಿಗೆಲ್ ಆ ಭುಜವನ್ನೇ ಹುಡುಕಿ ಹುಡುಕಿ ಹೊಡೆದು ಗೆಲ್ಲುತ್ತಾನೆ. ಯಾರೂ ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿ ನಿಂತ ಜಾನಿ ಗಾಬರಿಯಿಂದ ನೋಡ್ತಿದ್ದಾನೆ. 1984ರಲ್ಲಿ ತನಗೆ ಗುರು ಹೇಳಿ ಮಾಡಿಸಬೇಕಾಗಿದ್ದನ್ನು ಈ ಹುಡುಗ ತಾನಾಗಿಯೇ ಮಾಡ್ತಿದ್ದಾನೆ. ಎರಡನೇ ಸೀಸನ್ ಕೊನೆಗೆ ಶಾಲೆಯೊಳಗೆ ದೊಡ್ಡ ಹೊಡೆದಾಟ. ಈ ಹೊತ್ತಿಗೆ ಕರುಣೆಯೂ ಬೇಕು ಅಂತ ಜಾನಿಯಿಂದ ಕಲಿತಿರೋ ಮಿಗೆಲ್, ಕೈಗೆ ಸಿಕ್ಕ ರಾಬಿಯನ್ನು ಬಿಟ್ಟುಬಿಡ್ತಾನೆ. ಆ ಕ್ಷಣದಲ್ಲಿ ರಾಬಿ ಅವನನ್ನು ಮಹಡಿಯ ಕಟಕಟೆಯಾಚೆಗೆ ಒದೀತಾನೆ, ಬೆನ್ನು ಮುರಿಯುತ್ತೆ. ಈ ರಾಬಿ ಯಾರ ಶಿಷ್ಯ ಗೊತ್ತಲ್ಲ? ಡೇನಿಯಲ್‌ನ ಶಿಷ್ಯ. ಕಾರಿಗೆ ಮೇಣ ಹಚ್ಚಿ, ಬೇಲಿಗೆ ಬಣ್ಣ ಬಳಿದು, ಮಿಯಾಗಿಯ ಪಾಠವನ್ನು ಅದೇ ಅಂಗಳದಲ್ಲಿ ಕಲಿತವನು. ಸಿನಿಮಾ ಒಳ್ಳೇ ಶಾಲೆ, ಕೆಟ್ಟ ಶಾಲೆ ಅಂತ ಎಳೆದಿದ್ದ ಗೆರೆಯನ್ನು ಧಾರಾವಾಹಿ ಆ ಒಂದು ಒದೆಯಲ್ಲಿ ಅಳಿಸಿಹಾಕಿತು. ಹೀಗೆ ಮಾಡೋಕೆ ಧೈರ್ಯ ಬೇಕಿತ್ತು, ಅಭಿಮಾನಿಗಳ ನೆನಪಿನ ಮೇಲೆ ದುಡ್ಡು ಮಾಡೋಕೆ ಕೂತ ಕಂಪನಿಗೆ ಅದು ಎಲ್ಲಿಂದ ಬಂತೋ.

ಅದೇ ಎರಡನೇ ಸೀಸನ್‌ನಲ್ಲಿ ಒಂದು ಕಂತು ಇದೆ. ಜಾನಿಯ ಹಳೇ ಕೋಬ್ರಾ ಕಾಯ್ ಗೆಳೆಯರಲ್ಲಿ ಒಬ್ಬ ಸಾವಿನ ಅಂಚಿನಲ್ಲಿದ್ದಾನೆ. ಎಲ್ಲರೂ ಸೇರಿ ಅವನನ್ನು ಆಸ್ಪತ್ರೆಯಿಂದ ಕರ್ಕೊಂಡು ಬೈಕಲ್ಲಿ ಒಂದು ಸುತ್ತು ಹೋಗ್ತಾರೆ. 1984ರ ಅದೇ ನಟರು, ಬಿಳಿ ಕೂದಲು, ಬೊಜ್ಜು. ಅವರಲ್ಲಿ ಬಾಬಿಯೂ ಇದ್ದಾನೆ, ಡೇನಿಯಲ್‌ನ ಮಂಡಿಗೆ ಒದ್ದವನು. ಈಗ ಪಾದ್ರಿಯಾಗಿದ್ದಾನೆ. ಬೆಂಕಿ ಮುಂದೆ ಕೂತು ಹಳೇ ಗುರುವಿನ ಮಾತು ಬಂದಾಗ ಯಾರೂ ಅವನನ್ನು ಆ ಒದೆಯ ಬಗ್ಗೆ ಕೇಳಲ್ಲ.